ಕರುವಿಗಿಲ್ಲದ ತೊಳೆತ

ಕ್ರಿ.ಶ. 2314, ಫೆಬ್ರವರಿ 30, ಶುಕ್ರವಾರ
ಎಡನಾಲೆಯ ತೂಬಿನ ಕಟ್ಟೆ

ಕರಪತ್ರಗಳನ್ನು ಬರೆದ ಹಿರಿಯರಿಗೆ,

ನಮ್ಮ ಊರಿನವರು ಕೆಳದಂಡೆಯವರ ಹೊಟ್ಟೆಯಿಂದ ಜೀವ ತೆಗೆದುಕೊಂಡರು, ಅವರ ಪಕ್ಕದಲ್ಲಿ ಕೂತು ಉಣ್ಣಲು ಮಾತ್ರ ಒಪ್ಪಲಿಲ್ಲ. ಇದು ಅನ್ಯಾಯ. ಮೊದಲ ಸಾಲಿನಲ್ಲೇ ಇದನ್ನು ಬರೆಯುತ್ತಿದ್ದೇನೆ, ಏಕೆಂದರೆ ಇಂಥ ಮಾತನ್ನು ಕೊನೆಗೆ ತಳ್ಳಿ, ಆ ಹೊತ್ತಿಗೆ ಕೇಳುವವರೆಲ್ಲ ಎದ್ದು ಹೋಗಿರುವಂತೆ ನೋಡಿಕೊಳ್ಳುವ ಅಭ್ಯಾಸ ನಮ್ಮಲ್ಲಿದೆ.

ಮೇಲಿನ ತಾರೀಖು ನೋಡಿ ನಗಬೇಡಿ. ಫೆಬ್ರವರಿಗೆ ಅನ್ಯಾಯವಾಗಿದೆ, ಎಲ್ಲ ತಿಂಗಳಿಗೂ ಸಮಪಾಲು ಸಿಗಬೇಕು ಎಂದು ನಮ್ಮ ಅಜ್ಜಂದಿರು ಹೋರಾಡಿ ಪಂಚಾಂಗ ಬದಲಿಸಿದರು. ತಿಂಗಳುಗಳ ವಿಷಯದಲ್ಲಿ ನಾವು ಬಹಳ ನ್ಯಾಯವಂತರು. ನನ್ನ ಮಾತುಗಳಲ್ಲಿ ಕೆಲವು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ವಸ್ತು ಹೊಸದಾದಾಗ ಹೆಸರೂ ಹೊಸದಾಗುತ್ತದೆ, ಅಂಥ ಕಡೆ ಬಿಡಿಸಿ ಹೇಳುತ್ತೇನೆ. ನನ್ನ ಹೆಸರು ಹಂಪಮ್ಮ, ವಯಸ್ಸು ಹತ್ತೊಂಬತ್ತು. ಮೇಲ್ದಂಡೆಯ ದನಗಳನ್ನು ನೋಡಿಕೊಳ್ಳುವ ಮನೆತನದವಳು. ನಮ್ಮ ಹಳೆಯ ಪಶು ಆಸ್ಪತ್ರೆಯ ಅಟ್ಟದ ಮೇಲೆ ನಿಮ್ಮ ಕಾಲದ ಕರಪತ್ರಗಳ ಕಟ್ಟುಗಳಿದ್ದವು. ಹುಳ ತಿಂದು ಉಳಿದದ್ದನ್ನು ನಾನು ತಿಂದೆ. ನನಗೆ ಗೊತ್ತಿರುವುದೆಲ್ಲ ಅಲ್ಲಿಂದಲೇ ಬಂದದ್ದು. ಬರೆದವರ ಹೆಸರು ಒಂದರ ಮೇಲೂ ಇಲ್ಲ. ನಾನು ಓದುತ್ತೇನೆಂದು ನಿಮಗೂ ಗೊತ್ತಿರಲಿಲ್ಲ. ನೀವು ಗೊತ್ತಿಲ್ಲದೆ ಮುಂದಕ್ಕೆ ಕಳಿಸಿದಿರಿ, ನಾನು ಗೊತ್ತಿದ್ದೂ ಹಿಂದಕ್ಕೆ ಕಳಿಸುತ್ತಿದ್ದೇನೆ. ಇದರ ಇನ್ನೊಂದು ಪ್ರತಿಯನ್ನು ನಾಲೆಯ ಬಾಗಿಲಿಗೆ ಅಂಟಿಸುತ್ತೇನೆ; ನಮ್ಮ ಊರಿನ ತಾಯಂದಿರೂ ಓದಲಿ.

ಮೊದಲು ನಮ್ಮ ಊಟದ ವಿಷಯ. ಮೇಲ್ದಂಡೆಯಲ್ಲಿ ನಾವು ಉಣ್ಣುವುದು ಸೋಸೂಟ. ಊರಾಚೆಯ ಕಾರ್ಖಾನೆಯಲ್ಲಿ ಧಾನ್ಯದ ತೌಡು, ಹಣ್ಣಿನ ಸಿಪ್ಪೆ, ಸೊಪ್ಪಿನ ನಾರು ಎಲ್ಲವನ್ನೂ ತೆಗೆದು, ಉಳಿದದ್ದನ್ನು ಮತ್ತೆ ಮತ್ತೆ ಕಾಯಿಸಿ, ಬಿಳಿಯ ಮುದ್ದೆ ಮಾಡಿ ಪೈಪಿನಲ್ಲಿ ಮನೆಮನೆಗೆ ಬಿಡುತ್ತಾರೆ. ನಲ್ಲಿ ತಿರುಗಿಸಿದರೆ ಊಟ. ಅಗಿಯುವ ಕೆಲಸವಿಲ್ಲದ್ದರಿಂದ ನಮ್ಮ ಮಕ್ಕಳ ದವಡೆ ಸಣ್ಣದು. ಇದನ್ನು ಶುರುಮಾಡಿದವರನ್ನು ನಾನು ಬೈಯಲಾರೆ. ನಿಮ್ಮ ನಂತರ ಎರಡು ದೊಡ್ಡ ಪಿಡುಗುಗಳು ಬಂದವು, ಮಕ್ಕಳನ್ನು ಮಣ್ಣು ಮಾಡಿದವರು ಎಲ್ಲವನ್ನೂ ತೊಳೆಯಲು ಹೊರಟರು. ಸೋಂಕು ಕೊಲ್ಲುವ ಮದ್ದು ನಿಜವಾಗಿ ಲಕ್ಷಾಂತರ ಜನರನ್ನು ಉಳಿಸಿತು. ಆಮೇಲೆ ಅದನ್ನು ನೆಗಡಿಗೂ ಕೊಟ್ಟರು, ಕೋಳಿ ಬೇಗ ದಪ್ಪಗಾಗಲೆಂದು ಕೋಳಿಯ ಕಾಳಿಗೂ ಬೆರೆಸಿದರು. ಕೋಳಿಯ ಕಾಳಿಗೆ ಬೆರೆಸುವುದನ್ನು ನಿಮ್ಮ ಕಾಲದಲ್ಲೇ ಶುರುಮಾಡಿದ್ದಿರಿ ಎಂದು ನಿಮ್ಮದೇ ಒಂದು ಕರಪತ್ರ ಹೇಳುತ್ತದೆ. ಹೀಗೆ ತಲೆಮಾರಿನಿಂದ ತಲೆಮಾರಿಗೆ ನಮ್ಮ ಹೊಟ್ಟೆಗಳು ಖಾಲಿಯಾದವು.

ಖಾಲಿ ಎಂದರೆ ಹಸಿದದ್ದಲ್ಲ, ನಿರ್ಜನವಾದದ್ದು. ಕರುಳಿನಲ್ಲಿರುವ ಸೂಕ್ಷ್ಮಜೀವಿಗಳು ನಾವು ಅರಗಿಸಲಾರದ ನಾರನ್ನು ತಾವು ಅರಗಿಸಿ, ಅದರಿಂದ ಕರುಳಿನ ಗೋಡೆಗೇ ಆಹಾರ ತಯಾರಿಸುತ್ತವೆ. ರಕ್ತದ ಸಕ್ಕರೆ ಎಷ್ಟಿರಬೇಕು, ಕೊಬ್ಬು ಎಷ್ಟು ಶೇಖರವಾಗಬೇಕು, ಹಸಿವು ಯಾವಾಗ ಸಾಕೆನ್ನಬೇಕು ಎಂಬುದರಲ್ಲೆಲ್ಲ ಅವುಗಳ ಕೈವಾಡವಿದೆ ಎಂದು ಬರೆದವರು ನೀವೇ. ನೀವು ಚಯಾಪಚಯ ಎಂದು ಬಾಯಿ ತುಂಬ ಕರೆಯುತ್ತಿದ್ದುದಕ್ಕೆ ನಾವು ಒಲೆ ಎನ್ನುತ್ತೇವೆ. ಮೇಲ್ದಂಡೆಯಲ್ಲಿ ಯಾರ ಒಲೆಯೂ ಸರಿಯಿಲ್ಲ. ಹದಿನೈದಕ್ಕೆ ಸಕ್ಕರೆ ಕಾಯಿಲೆ ಬರುತ್ತದೆ. ತಿಂದಷ್ಟೂ ಹಸಿವು, ಇಲ್ಲವೇ ಹಸಿವೇ ಇಲ್ಲ. ಕೂಸುಗಳು ಕುಡಿಯುತ್ತವೆ, ಬೆಳೆಯುವುದಿಲ್ಲ.

ನಾಲೆಯ ಆಚೆ ಕೆಳದಂಡೆಯಿದೆ. ಹೂಳೆತ್ತುವವರು, ತೊಗಲು ಹದ ಮಾಡುವವರು, ಚರಂಡಿ ನೋಡಿಕೊಳ್ಳುವವರು ಅಲ್ಲಿದ್ದಾರೆ. ಅವರಿಗೆ ಪೈಪು ಬೇಕೆಂದು ಕೇಳಿದಾಗ ನಮ್ಮ ಸಭೆ ಕೊಡಲಿಲ್ಲ. ಹಾಗಾಗಿ ಅವರು ಜೋಳದ ರೊಟ್ಟಿ, ಪುಂಡಿಪಲ್ಯ, ಹುಳಿ ಬಂದ ಅಂಬಲಿ ಉಂಡುಕೊಂಡು, ದನ, ಕೋಳಿ, ಮಣ್ಣಿನ ಜೊತೆ ಇದ್ದುಬಿಟ್ಟರು. ಅದು ಸ್ವರ್ಗವೆಂದು ನಾನು ಹೇಳುತ್ತಿಲ್ಲ. ಜ್ವರಕ್ಕೆ ನಮ್ಮಲ್ಲಿರುವ ಮದ್ದು ಅವರಿಗೆ ಸಿಗದೆ ಎಷ್ಟೋ ಮಕ್ಕಳು ಹೋದವು. ಆದರೆ ಅವರ ಹೊಟ್ಟೆಗಳಲ್ಲಿ ಊರಿಗೆ ಊರೇ ಉಳಿಯಿತು. ನಾವು ಕೊಡದೆ ಬಿಟ್ಟದ್ದು ಅವರನ್ನು ಕಾಯಿತು. ಆಮೇಲೆ ನಾವು ಬೇಡಲು ಹೋದೆವು. ನಿಜ ಹೇಳಬೇಕೆಂದರೆ ಬೇಡಲೂ ಇಲ್ಲ. ನಾಲೆಯ ನೀರಿನ ಸರದಿ ಬೇಕಿದ್ದರೆ ಕೊಡಿ ಎಂದೆವು.

ಕೊಡುವುದು ಒಳಹೆಪ್ಪು. ಹಾಲಿಗೆ ಹೆಪ್ಪು ಹಾಕಿದಂತೆ ಹೊಟ್ಟೆಗೆ ಹಾಕುವುದು. ಕೆಳದಂಡೆಯ ಗಟ್ಟಿ ಆರೋಗ್ಯದ ಕೆಲವರು ತಮ್ಮ ಬೆಳಗಿನ ಮಲವನ್ನು ಡಬ್ಬಿಯಲ್ಲಿ ಮುಚ್ಚಿ ತೂಬಿನ ಕಟ್ಟೆಯ ಮೇಲಿಟ್ಟು ಹಿಂದೆ ಸರಿಯುತ್ತಾರೆ. ಅವರು ಸರಿದ ಮೇಲೆ ನಮ್ಮವರು ಎತ್ತಿಕೊಳ್ಳುತ್ತಾರೆ. ಹೆಪ್ಪುಮನೆಯಲ್ಲಿ ರೋಗವಿದೆಯೇ ಎಂದು ಪರೀಕ್ಷಿಸಿ, ಒಣಗಿಸಿ, ಗುಳಿಗೆ ಮಾಡಿ, ಶುದ್ಧಾಮೃತ ಎಂದು ಹೆಸರಿಡುತ್ತಾರೆ. ಅದು ಏನೆಂದು ಎಲ್ಲರಿಗೂ ಗೊತ್ತು, ಯಾರದೆಂದೂ ಗೊತ್ತು. ಬಾಯಿಬಿಟ್ಟು ಹೇಳುವುದು ಮಾತ್ರ ಕೆಟ್ಟ ನಡತೆ. ಹುಟ್ಟಿದ ಕೂಸಿಗೆ ಅದನ್ನು ಹಾಲಿನಲ್ಲಿ ಕದಡಿ ಕೊಡುತ್ತಾರೆ. ಆಮೇಲೆ ಬಾಣಂತಿಯನ್ನು ಕಂಡವರೆಲ್ಲ ಕೇಳುವ ಪ್ರಶ್ನೆ ಒಂದೇ: ಹೆಪ್ಪು ಕೂತಿತೆ? ಕೂತಿತು ಎಂದರೆ ಆ ಜೀವಿಗಳು ಹೊಟ್ಟೆಯಲ್ಲಿ ನೆಲೆ ನಿಂತವು, ಕೂಸು ಬದುಕಿತು ಎಂದರ್ಥ.

ನನ್ನ ಅಕ್ಕ ಶಾಂಭವಿಯ ಮಗಳು ಕಿನ್ನರಿಗೆ ಹೆಪ್ಪು ಕೂರಲಿಲ್ಲ. ಮೂರು ಸಲ ಕೊಟ್ಟರು, ಮೂರು ಸಲವೂ ಹರಿದು ಹೋಯಿತು. ಹನ್ನೊಂದು ತಿಂಗಳಾದರೂ ಐದು ತಿಂಗಳ ಕೂಸಿನಷ್ಟೇ ಇದ್ದಳು. ಅಳುವುದಕ್ಕೂ ಶಕ್ತಿಯಿಲ್ಲದೆ ಬರೀ ತುಟಿ ಸೊಟ್ಟ ಮಾಡುತ್ತಿದ್ದಳು. ಹೆಪ್ಪುಮನೆಯ ವೈದ್ಯ ಮಲ್ಲಿನಾಥಪ್ಪ ಬಾಗಿಲು ಹಾಕಿಕೊಂಡು ಅಕ್ಕನಿಗೆ ಹೇಳಿದರು: "ಇಲ್ಲಿ ಕೂರೋದಿಲ್ಲಮ್ಮ. ಕೊಟ್ಟ ಜೀವಕ್ಕೆ ತಿನ್ನೋಕೆ ನಾರಿಲ್ಲ, ನಿಮ್ಮ ಮನೆಯೊಳಗೆ ಅದರ ಬಳಗವೂ ಇಲ್ಲ. ಯಾರದನ್ನು ತಂದೆವೋ ಅವರ ಮನೇಲಿ ಹೋಗಿ ನೀವು ಕೂತರೆ ಅದೂ ಕೂತೀತು." ಅಕ್ಕ ಕೇಳಿದಳು, "ಇದನ್ನ ಇಷ್ಟು ವರ್ಷ ಯಾರಿಗೂ ಯಾಕೆ ಹೇಳಲಿಲ್ಲ?" ಅವರು ಕನ್ನಡಕ ಒರೆಸಿಕೊಂಡರು. "ಎಲ್ಲರಿಗೂ ಹೇಳಿದೀನಿ. ಗುಳಿಗೆ ಇದೆಯಲ್ಲ, ಅದನ್ನೇ ಇನ್ನೊಂದು ಕೊಡಿ ಅಂತಾರೆ."

ಕೆಳದಂಡೆಯಲ್ಲಿ ಉಂಡು ಬಂದವರಿಗೆ ನಮ್ಮಲ್ಲಿ ಒಂದು ಆರೋಗ್ಯ ನಿಯಮವಿದೆ: ಒಳತೊಳೆತ ಕುಡಿಯಬೇಕು. ಹೊಟ್ಟೆಯೊಳಗಿನ ಒಂದೊಂದು ಜೀವಿಯನ್ನೂ ಸಾಯಿಸುವ ಹಳದಿ ನೀರು ಅದು. ಕುಡಿದ ಮೇಲೆ ಮಾತ್ರ ಪಂಕ್ತಿಗೆ ಸೇರಿಸುತ್ತಾರೆ. ಅದನ್ನು ಆಮೇಲೆ ನೋಡಿಕೊಳ್ಳೋಣ ಎಂದು ನಾವಿಬ್ಬರೂ ಕೂಸನ್ನು ಎತ್ತಿಕೊಂಡು ನಾಲೆ ದಾಟಿದೆವು.

ಹೆಪ್ಪುಮನೆಗೆ ಇಪ್ಪತ್ತು ವರ್ಷದಿಂದ ಕೊಡುತ್ತಿದ್ದವಳು ಹುಲಿಗೆವ್ವ. ಹೂಳೆತ್ತುವ ಗುಂಪಿನವಳು, ಐವತ್ತರ ಹತ್ತಿರದ ಹೆಂಗಸು, ದನಿ ನಾಲೆಯ ಆಚೆಗೂ ಕೇಳಿಸುವಂಥದ್ದು. ನಮ್ಮನ್ನು ನೋಡಿ ಆಕೆಗೇನೂ ಆಶ್ಚರ್ಯವಾಗಲಿಲ್ಲ. "ಡಬ್ಬಿ ಸಾಲಲಿಲ್ಲೇನು, ಮನಿಗೇ ಬಂದ್ರಿ?" ಎಂದು ಕೇಳಿ, ಕಿನ್ನರಿಯ ಕಾಲು ಮುಟ್ಟಿ ನೋಡಿದಳು. ಆಮೇಲೆ ಒಳಗೆ ಕರೆದು ಗಂಗಾಳ ಹಾಕಿದಳು. ನಿಮ್ಮ ಕಡೆ ತಟ್ಟೆ ಎನ್ನುವುದನ್ನು ಅವರು ಗಂಗಾಳ ಎನ್ನುತ್ತಾರೆ. ಆಗ ಅಕ್ಕ ಚೀಲಕ್ಕೆ ಕೈಹಾಕಿ ನಮ್ಮ ಮನೆಯ ಸ್ಟೀಲ್ ತಟ್ಟೆ ತೆಗೆದಳು. ಸೋಂಕು ತಾಗದಂತೆ ಹಾಳೆ ಸುತ್ತಿ ಮೊಹರು ಹಾಕಿದ್ದ ತಟ್ಟೆ. ನಾನು ಕರಪತ್ರ ಓದಿದವಳು, ನಾಲಿಗೆಯ ತುದಿಯಲ್ಲಿ ಸಮಾನತೆ ಇದ್ದವಳು. ಆ ತಟ್ಟೆ ಕಂಡಾಗ ನನಗೂ ಒಂದು ತರಬೇಕಿತ್ತು ಅನ್ನಿಸಿತು.

"ಏನದು?" ಎಂದಳು ಹುಲಿಗೆವ್ವ.

"ತಟ್ಟೆ. ನಿಮಗೆ ತೊಂದರೆ ಆಗಬಾರದು ಅಂತ..."

"ತೊಂದ್ರಿ? ಯವ್ವಾ ತಂಗೀ, ನನ್ನ ಹೊಟ್ಟ್ಯಾಗಿಂದು ನಿಮಗ ಆಗ್ತೈತಿ. ನನ್ನ ಗಂಗಾಳ ಆಗಂಗಿಲ್ಲೇನು?"

ಮೂಲೆಯಲ್ಲಿ ಕೂತಿದ್ದ ಅವಳ ಅತ್ತೆ ಬೊಚ್ಚುಬಾಯಿ ತೆರೆದು ನಕ್ಕಳು. "ಬಿಡ ಹುಲಿಗೆವ್ವಾ. ಗಂಗಾಳನೂ ಒಣಗಿಸಿ ಗುಳಿಗಿ ಮಾಡಿ ಕೊಡು, ಗಪ್ಪನ ನುಂಗ್ತಾರ."

ನಾವು ಆ ನಗುವಿನ ನಡುವೆ ಕೂತಿದ್ದೆವು. ಅವರು ನಮ್ಮನ್ನು ಹೊರಗೆ ಹಾಕಿದ್ದರೆ ಹಗುರಾಗುತ್ತಿತ್ತು. ಹಾಕಲಿಲ್ಲ. ಅಕ್ಕ ಬಹಳ ಹೊತ್ತು ತಟ್ಟೆ ಹಿಡಿದುಕೊಂಡೇ ಇದ್ದಳು, ಆಮೇಲೆ ಎದ್ದು ಹೊಸ್ತಿಲಾಚೆ ಇಟ್ಟು ಬಂದು ಗಂಗಾಳದ ಮುಂದೆ ಕೂತಳು. ಆ ತಟ್ಟೆಯಲ್ಲಿ ಈಗ ಅವರ ಕೋಳಿಗಳು ನೀರು ಕುಡಿಯುತ್ತವೆ.

ಒಂದು ಚಳಿಗಾಲ ನಾವು ಅಲ್ಲೇ ಇದ್ದೆವು. ಮೊದಲ ವಾರ ನಮ್ಮ ಹೊಟ್ಟೆಗಳು ಗುಡುಗಿದವು; ರೊಟ್ಟಿಯ ನಾರು ಕಂಡರಿಯದ ಕರುಳು ಉಬ್ಬಿ, ಮಾತಿನ ಮಧ್ಯೆ ಬರಬಾರದ ಶಬ್ದಗಳು ಬಂದು, ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆ. "ಹೊಸಾ ಒಕ್ಕಲು ಬಂದೈತಿ, ಸಾಮಾನು ಇಳಿಸಾಕ ಹತ್ತೈತಿ, ಸಪ್ಪಳ ಆಗಬೇಕಲ್ಲ?" ಎನ್ನುತ್ತಿದ್ದಳು ಹುಲಿಗೆವ್ವ. ಕಿನ್ನರಿಗೆ ಹೆಪ್ಪುಮನೆಯಲ್ಲಿ ಪರೀಕ್ಷೆಯಾದ ಹೆಪ್ಪನ್ನೇ ಮತ್ತೊಮ್ಮೆ ಕೊಟ್ಟೆವು. ವ್ಯತ್ಯಾಸವೆಂದರೆ ಈ ಸಲ ಅದರ ಹಿಂದೆಯೇ ನೀರಾದ ಅಂಬಲಿ ಹೋಯಿತು, ಮೆತ್ತಗೆ ಬೆಂದ ನುಚ್ಚು ಹೋಯಿತು. ಅವಳು ಅಂಗಳದಲ್ಲಿ ತೆವಳಿದಳು, ಹುಲಿಗೆವ್ವನ ಮೊಮ್ಮಕ್ಕಳ ಕೈಬೆರಳು ಚೀಪಿದಳು, ಆಕಳ ಕೊರಳ ಕೆಳಗಿನ ಗಂಗೆದೊಗಲಿಗೆ ಜೋತುಬಿದ್ದಳು. ಸಂಕ್ರಾಂತಿಯ ಹೊತ್ತಿಗೆ ಅವಳ ತೊಡೆಯಲ್ಲಿ ಒಂದು ಮಡಿಕೆ ಬಿತ್ತು. ಅಕ್ಕ ಆ ಮಡಿಕೆಯನ್ನು ಬಿಡಿಸಿ ಬಿಡಿಸಿ ನೋಡಿದಳು. ಆಮೇಲೊಂದು ಬೆಳಿಗ್ಗೆ ಕಿನ್ನರಿ ಹಸಿವಿನಿಂದ ಅತ್ತಳು, ಇಡೀ ಓಣಿಗೆ ಕೇಳುವಂತೆ. ಹುಲಿಗೆವ್ವ ಒಲೆಯ ಮುಂದಿನಿಂದಲೇ ಕೂಗಿದಳು: "ಕುಂತೈತಿ ಬಿಡ್ರವ್ವಾ. ಒಕ್ಕಲು ಕೂಳು ಕೇಳಾಕ ಹತ್ತೈತಿ!"

ನಾವು ಮನೆಗೆ ಹೊರಟೆವು. ನಾಲೆಯ ಬಾಗಿಲಲ್ಲಿ ಹಳದಿ ನೀರಿನ ಲೋಟಗಳು ಕಾಯುತ್ತಿದ್ದವು, ಒಂದು ಅಕ್ಕನಿಗೆ, ಒಂದು ನನಗೆ, ಒಂದು ಚಿಕ್ಕದು ಕಿನ್ನರಿಗೆ. ಆ ಚಿಕ್ಕ ಲೋಟದಲ್ಲಿರುವುದು ಅವಳ ಸಾವು. ಕುಡಿಸಿದರೆ ಚಳಿಗಾಲದಲ್ಲಿ ಕೂತದ್ದೆಲ್ಲ ಎರಡು ದಿನದಲ್ಲಿ ಎದ್ದು ಹೋಗುತ್ತದೆ. ಹಾಗೆಂದು ಮಲ್ಲಿನಾಥಪ್ಪನವರೇ ಸಭೆಗೆ ಹೇಳಿದರು. ಸಭೆ ಕೇಳಿಸಿಕೊಂಡು, ನಿಯಮ ನಿಯಮವೇ ಎಂದಿತು. ಆ ಸಭೆಯಲ್ಲಿ ನಮ್ಮ ಅಪ್ಪ ಇದ್ದಾರೆ.

ಅಪ್ಪನ ಬಗ್ಗೆ ಹೇಳದೆ ಈ ಪತ್ರ ಮುಗಿಯುವುದಿಲ್ಲ. ಹಸು ಹುಲ್ಲನ್ನು ಅರಗಿಸುವುದಿಲ್ಲ, ಅದರ ಮೊದಲ ಹೊಟ್ಟೆಯಲ್ಲಿರುವ ಜೀವಿಗಳು ಹುಲ್ಲನ್ನು ಅರಗಿಸುತ್ತವೆ, ಹಸು ಅವುಗಳನ್ನು ಸಾಕುತ್ತದೆ ಎಂದು ನನಗೆ ಕರಪತ್ರಕ್ಕಿಂತ ಮೊದಲು ಹೇಳಿಕೊಟ್ಟವರು ಅವರು. ಹೋದ ವರ್ಷ ಬೆಳ್ಳಿ ಎಂಬ ನಮ್ಮ ಕರುವಿಗೆ ಮೆಲುಕು ಬರಲಿಲ್ಲ. ಗುಳಿಗೆಯ ಮೇವು ತಿಂದು, ಹೊಟ್ಟೆ ಹುಳಿಯಾಗಿ, ಉಬ್ಬಿ ಬಿದ್ದುಕೊಂಡಿತ್ತು. ಅಪ್ಪ ಒಂದು ಕ್ಷಣವೂ ಯೋಚಿಸದೆ ಅದನ್ನು ಕೆಳದಂಡೆಗೆ ಸಾಗಿಸಿದರು. ಹುಲಿಗೆವ್ವ ತನ್ನ ಆಕಳ ಬಾಯಿಗೆ ಕೈಹಾಕಿ ಮೆಲುಕಿನ ಉಂಡೆ ತೆಗೆದು ಬೆಳ್ಳಿಯ ಬಾಯಿಗಿಟ್ಟಳಂತೆ. ಕರು ಅವರ ಗೋದಲಿಯಲ್ಲಿ ಮೇದು, ಅವರ ದನಗಳಿಂದ ನೆಕ್ಕಿಸಿಕೊಂಡು, ತಿಂಗಳಾದ ಮೇಲೆ ಮೆಲುಕು ಹಾಕುತ್ತ ಮನೆಗೆ ಬಂತು. ಅಪ್ಪ ಅದರ ಕೊರಳು ತಬ್ಬಿಕೊಂಡು ಅತ್ತರು. ಅದಕ್ಕೆ ಯಾರೂ ತೊಳೆತ ಕುಡಿಸಲಿಲ್ಲ.

ಮೊನ್ನೆ ಬಾಗಿಲಿನ ಸರಳುಗಳ ಆಚೆ ಅಪ್ಪ ನಿಂತಿದ್ದರು, ಈಚೆ ನಾವು. ರೊಟ್ಟಿಯ ಬುಟ್ಟಿ ಹೊತ್ತು ಹುಲಿಗೆವ್ವನೂ ಬಂದಿದ್ದಳು.

"ಅಪ್ಪಾ, ಬೆಳ್ಳಿಗೆ ತೊಳೆತ ಕುಡಿಸಿದಿರಾ?" ಎಂದೆ.

"ಬೆಳ್ಳಿ ಕರು, ಹಂಪಿ."

"ಇದು ಕೂಸು. ಅದೇ ಮನೆಯ ಮೆಲುಕು ಅದಕ್ಕೆ ಆಯಿತು, ಅದೇ ಮನೆಯ ಅಂಬಲಿ ಇದಕ್ಕೆ ಯಾಕೆ ಆಗೋದಿಲ್ಲ?"

ಅಪ್ಪ ಸುಳ್ಳು ಹೇಳುವ ಮನುಷ್ಯರಲ್ಲ. ನೆಲ ನೋಡುತ್ತ ಮೆಲ್ಲಗೆ ಹೇಳಿದರು: "ಕರು ನಮ್ಮ ಜೊತೆ ಪಂಕ್ತಿಯಲ್ಲಿ ಕೂತು ಉಣ್ಣೋದಿಲ್ಲ ಮಗಾ."

ಅಷ್ಟೇ. ಆರೋಗ್ಯ ನಿಯಮದ ಒಳಗೆ ಇದ್ದದ್ದು ಅದು. ರೋಗವಲ್ಲ, ಸೋಂಕಲ್ಲ. ಆ ಮಾತು ಹುಲಿಗೆವ್ವನ ಎದುರಿಗೆ ಬಿತ್ತು. ನಾನು ಅವಳ ಮುಖ ನೋಡಲಾರದೆ ಕಾಲುಂಗುರ ನೋಡಿದೆ. ಅವಳು ಬೈಯುತ್ತಾಳೆಂದು ಕಾದೆ. "ಬಾರವ್ವಾ, ಕೂಸು ಹಸದೈತಿ" ಎಂದು ಕಿನ್ನರಿಯನ್ನು ಸೊಂಟಕ್ಕೇರಿಸಿಕೊಂಡು ತೂಬಿನ ಕೋಣೆಯ ನೆರಳಿಗೆ ಹೋದಳು. ಅಂದಿನಿಂದ ನಾವು ಇಲ್ಲೇ ಇದ್ದೇವೆ, ಎರಡು ದಂಡೆಗಳ ನಡುವೆ. ಕಿನ್ನರಿಯ ಅಪ್ಪ, ನಮ್ಮ ಭಾವ, ದಿನಾ ಸಂಜೆ ಸರಳುಗಳ ಆಚೆ ಬಂದು ನಿಲ್ಲುತ್ತಾರೆ. ತಾನು ದಪ್ಪಗಾಗಿರುವುದನ್ನು ತೋರಿಸಲೆಂಬಂತೆ ಕಿನ್ನರಿ ಅವರತ್ತ ಕಾಲು ಚಾಚುತ್ತಾಳೆ. ಕೆಳದಂಡೆಯಲ್ಲೇ ಉಳಿದುಬಿಡಿ ಎಂದು ಹುಲಿಗೆವ್ವ ಹೇಳುತ್ತಾಳೆ. ಉಳಿಯಬಹುದು. ಆದರೆ ಹೆಪ್ಪು ಕೂರದ ಇನ್ನೂ ಎಷ್ಟೋ ಕೂಸುಗಳು ಮೇಲ್ದಂಡೆಯಲ್ಲಿ ತುಟಿ ಸೊಟ್ಟ ಮಾಡಿಕೊಂಡು ಮಲಗಿವೆ. ಕಿನ್ನರಿ ತೊಳೆಸಿಕೊಳ್ಳದೆ ಆ ಬಾಗಿಲು ದಾಟಿದರೆ ಅವುಗಳ ತಾಯಂದಿರಿಗೆ ದಾಟಿ ಹೋಗಿ ಬರುವ ದಾರಿ ತೆರೆಯುತ್ತದೆ. ದಾಟದಿದ್ದರೆ ಇಲ್ಲ.

ಹಿರಿಯರೇ, ನಿಮ್ಮ ಮೇಲೆ ನನಗೆ ಕೋಪವಿತ್ತು. ನಿಮಗೆ ಎಲ್ಲ ಗೊತ್ತಿತ್ತು. ನಾರು ತಿನ್ನಿ ಎಂದಿರಿ, ಮದ್ದನ್ನು ಮಿತಿಯಲ್ಲಿ ಬಳಸಿ ಎಂದಿರಿ, ಮಣ್ಣು, ದನ, ಮನುಷ್ಯರ ಆರೋಗ್ಯ ಒಂದೇ ನೂಲು ಎಂದಿರಿ. ಒಂದಕ್ಷರವೂ ಸುಳ್ಳಲ್ಲ. ಆದರೆ ನಾನು ಬಹಳ ಪ್ರೀತಿಯಿಂದ ಓದಿದ ಒಂದು ಕರಪತ್ರದ ಹಿಂಬದಿಯಲ್ಲಿ, ಕರುಳಿನ ಆರೋಗ್ಯದ ಬಗೆಗಿನ ಒಂದು ಉಪನ್ಯಾಸದ ಪ್ರಕಟಣೆಯಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಹೀಗಿದೆ: ಉಪನ್ಯಾಸದ ನಂತರ ಊಟವಿದೆ, ಕೆಲಸದವರಿಗೆ ಹಿಂದುಗಡೆ ಬೇರೆ ವ್ಯವಸ್ಥೆ ಮಾಡಲಾಗಿದೆ. ಅಡುಗೆಮನೆಯ ಶುಚಿತ್ವ ಕುರಿತ ಇನ್ನೊಂದರಲ್ಲಿ, ಮನೆಗೆಲಸದವರ ಲೋಟವನ್ನು ಬೇರೆಯಾಗಿ ಇಡಿ ಎಂದಿದೆ. ಅದೇ ಕೈಗಳು ನಿಮ್ಮ ಅಕ್ಕಿ ತೊಳೆಯುತ್ತಿದ್ದವಲ್ಲವೇ? ನಿಮ್ಮ ಕೂಸನ್ನು ಎತ್ತಿಕೊಳ್ಳುತ್ತಿದ್ದವಲ್ಲವೇ? ಆ ಸಾಲನ್ನು ಓದುವಾಗ ಎಷ್ಟೋ ಸಲ ನಾನು ಅದನ್ನು ದಾಟಿ ಮುಂದಿನದಕ್ಕೆ ಹೋಗಿದ್ದೇನೆ. ಹುಲಿಗೆವ್ವನ ಮನೆಯಲ್ಲಿ ಅಕ್ಕ ಚೀಲದಿಂದ ತಟ್ಟೆ ತೆಗೆದಾಗಲೇ ಅದು ನನಗೆ ಮೊದಲ ಬಾರಿ ಕಾಣಿಸಿದ್ದು. ನಿಮ್ಮ ಸಿಂಕಿನ ಕೆಳಗೆ ಕವುಚಿಟ್ಟ ಆ ಲೋಟವೇ ಮುನ್ನೂರು ವರ್ಷ ನಡೆದು ನಮ್ಮ ಮನೆಯ ತಟ್ಟೆಯಾಗಿ ಬಂದಿತ್ತು. ಈಗ ನಿಮ್ಮ ಮೇಲೆ ಕೋಪವಿಲ್ಲ. ನಾಚಿಕೆ ಇದೆ, ಅದು ನಿಮ್ಮದೂ ಹೌದು ನನ್ನದೂ ಹೌದು, ಎಲ್ಲಿ ನಿಮ್ಮದು ಮುಗಿದು ನನ್ನದು ಶುರುವಾಗುತ್ತದೆಂದು ಬೇರ್ಪಡಿಸಲು ಆಗುತ್ತಿಲ್ಲ.

ಸಭೆ ನಮಗೆ ಬುಧವಾರದವರೆಗೆ ಗಡುವು ಕೊಟ್ಟಿದೆ. ಅಂದು ಬೆಳಿಗ್ಗೆ ಅವರು ಬಾಗಿಲಿಗೆ ಬರುತ್ತಾರೆ. ನಾವು ಲೋಟ ಎತ್ತಬೇಕು, ಇಲ್ಲವೇ ಬಾಗಿಲು ನಮ್ಮ ಪಾಲಿಗೆ ಶಾಶ್ವತವಾಗಿ ಮುಚ್ಚುತ್ತದೆ. ನಾವು ಲೋಟ ಎತ್ತುವುದಿಲ್ಲ. ಅದೇ ಹೊತ್ತಿಗೆ ಈ ಕಟ್ಟೆಯ ಮೇಲೆ, ಎಲ್ಲರಿಗೂ ಕಾಣುವಂತೆ, ಸಾಲಾಗಿ ಕೂತು ಉಣ್ಣುತ್ತೇವೆ. ಹುಲಿಗೆವ್ವ ಒಪ್ಪಿದ್ದಾಳೆ. "ನಾ ಬಡಸ್ತೀನಿ. ಆದ್ರ ಯಾರೂ ನನಗ ಉಪಕಾರ ಮಾಡಾಕ ಬರಬ್ಯಾಡ್ರಿ, ಹಸದು ಬರ್ರಿ" ಎಂದಳು. ಮಲ್ಲಿನಾಥಪ್ಪ ಬರುತ್ತೇನೆಂದು ಹೇಳಿಕಳಿಸಿದ್ದಾರೆ. ಭಾವ ಸರಳುಗಳನ್ನು ಬಿಗಿಯಾಗಿ ಹಿಡಿದುಕೊಂಡರು. ಒಬ್ಬಿಬ್ಬರು ಉಂಡರೆ ಅವರನ್ನು ತೊಳೆಯಬಹುದು. ಅರ್ಧ ಊರೇ ಉಂಡರೆ ಯಾರನ್ನು ತೊಳೆಯುತ್ತಾರೆ?

ಅಪ್ಪಾ, ಬಾಗಿಲಿಗೆ ಅಂಟಿಸಿದ ಪ್ರತಿಯನ್ನು ನೀವೂ ಓದುತ್ತೀರಿ. ನಿಮಗಾಗಿ ಕಿನ್ನರಿಯ ಪಕ್ಕದಲ್ಲಿ ಒಂದು ಗಂಗಾಳ ಹಾಕಿರುತ್ತೇನೆ. ಅದು ಖಾಲಿ ಉಳಿದರೂ ತೆಗೆಯುವುದಿಲ್ಲ.

ಹಿರಿಯರೇ, ನೀವು ಇಲ್ಲಿಗೆ ಬರಲಾರಿರಿ. ಆದರೆ ಬುಧವಾರ ನಿಮ್ಮಲ್ಲೂ ಬರುತ್ತದೆ, ನಿಮ್ಮ ಮನೆಗೂ ಬೆಳಿಗ್ಗೆ ಯಾರೋ ಕೆಲಸಕ್ಕೆ ಬರುತ್ತಾರೆ. ಆ ಲೋಟವನ್ನು ಎತ್ತಿ ಒಳಗೆ ತನ್ನಿ, ನಿಮ್ಮ ಲೋಟಗಳ ನಡುವೆ ಯಾವುದೆಂದು ಗೊತ್ತಾಗದ ಹಾಗೆ ಇಡಿ. ಆಮೇಲೆ ಜೊತೆಗೆ ಕೂತು ಉಣ್ಣಿ. ನೀವು ಅಲ್ಲಿ ಕೂತದ್ದು ನಮಗೆ ಇಲ್ಲಿ ತಿಳಿಯುತ್ತದೆಯೋ ಇಲ್ಲವೋ, ಕಿನ್ನರಿಯ ಹೊಟ್ಟೆಗೆ ತಿಳಿದೀತು. ಮೇಲ್ದಂಡೆಯ ತಾಯಂದಿರೇ, ನಿಮ್ಮ ಕೂಸುಗಳನ್ನು ಎತ್ತಿಕೊಂಡು ಬನ್ನಿ.

ಮಾರ್ಚ್ ಐದು, ಬುಧವಾರ, ಬೆಳಿಗ್ಗೆ ಎಂಟು ಗಂಟೆಗೆ, ತೂಬಿನ ಕಟ್ಟೆಯ ಮೇಲೆ. ತಟ್ಟೆ ತರಬೇಡಿ.